ಗಾಲ್ಫ್ ಆಡುವವರ ಹ್ಯಾಮ್‌ಸ್ಟ್ರಿಂಗ್ ಬಿಗಿ: ಎಳೆಯುವ ಮೊದಲು ಕಾರಣ ಪತ್ತೆ ಮಾಡಿ

ಲಕ್ಷಣ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಮೊದಲ ಐದಾರು ಹೋಲ್ ಆರಾಮಾಗಿ ಹೋಗುತ್ತದೆ, ಆಮೇಲೆ ಸೊಂಟ ಹಿಡಿದುಕೊಳ್ಳುತ್ತದೆ. ಬಗ್ಗಿ ಟೀ (ಬಾಲ್ ಇಡುವ ಪುಟ್ಟ ಗೂಟ) ಚುಚ್ಚುವಾಗ ತೊಡೆಯ ಹಿಂದೆ, ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳಿರುವ ಕಡೆ, ಸೆಳೆಯುತ್ತದೆ. ಐರನ್ ಕ್ಲಬ್ (ಗಾಲ್ಫ್ ಕೋಲು) ಶಾಟ್‌ಗಳು ಥಿನ್ ಆಗತೊಡಗುತ್ತವೆ, ಅಂದರೆ ಕ್ಲಬ್ಬಿನ ಕೆಳಅಂಚು ಬಾಲಿನ ಮಧ್ಯಕ್ಕೆ ಬಡಿಯುತ್ತದೆ. ಜೊತೆಗೆ ಆಡುವವರು "ಡೌನ್‌ಸ್ವಿಂಗ್‌ನಲ್ಲಿ ಎದ್ದುಬಿಡ್ತೀರ" (ಕ್ಲಬ್ ಕೆಳಕ್ಕೆ ಬೀಸುವಾಗ ಮೈ ಮೇಲೇಳುತ್ತದೆ ಅಂತ) ಅನ್ನುತ್ತಾರೆ, ಕೊನೆಗೆ ಯಾರೋ ಒಬ್ಬರು ತೀರ್ಪು ಕೊಡುತ್ತಾರೆ: "ಹ್ಯಾಮ್‌ಸ್ಟ್ರಿಂಗ್ ಟೈಟ್ ಇದೆ ಸಾರ್ ನಿಮ್ಗೆ, ಸ್ಟ್ರೆಚ್ ಮಾಡಿ."

ಮಾಡುತ್ತಾರೆ ಕೂಡ. ಗಾಲ್ಫ್ ಕಾರ್ಟಿನ ಮೇಲೆ ಹಿಮ್ಮಡಿ ಇಟ್ಟು, ಉಸಿರು ಕಟ್ಟಿ, ಬೆರಳು ಮುಟ್ಟಲೇಬೇಕೆಂದು ಜಗ್ಗುತ್ತಾರೆ. ಪಕ್ಕದಿಂದ ನೋಡಿದರೆ ಗೊತ್ತಾಗುತ್ತದೆ: ಸೊಂಟದ ಮೂಳೆ ಇದ್ದಲ್ಲೇ ಇದೆ, ಬಾಗಿರುವುದು ಬೆನ್ನು ಮಾತ್ರ, ಶರ್ಟು ಭುಜದ ಹಿಂದೆ ಬಿಗಿದು ಪ್ಯಾಂಟಿನಿಂದ ಆಚೆ ಬಂದಿದೆ. ಅಂದರೆ ಎಳೆದದ್ದು ಬೆನ್ನನ್ನು, ಹ್ಯಾಮ್‌ಸ್ಟ್ರಿಂಗ್‌ಗೆ ಏನೂ ತಲುಪಿಲ್ಲ. ನಾನು ಫಿಸಿಯೋ, ಬಿಡುವಿದ್ದಾಗ ಗಾಲ್ಫ್ ಆಡುತ್ತೇನೆ. ತಿಂಗಳುಗಟ್ಟಲೆ ಹೀಗೆ ಎಳೆದರೂ ಒಂದಿಂಚು ಸಡಿಲವಾಗದವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ತೊಡೆಯ ಹಿಂದೆ ಬಿಗಿ ಅನಿಸುವುದಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣ ಇರುತ್ತವೆ. ಎಳೆಯುವುದು ಅದರಲ್ಲಿ ಒಂದಕ್ಕೆ ಮಾತ್ರ ಸರಿಯಾದ ಮದ್ದು. ಉಳಿದ ಮೂರರಲ್ಲಿ ಎಳೆದರೆ ಏನೂ ಆಗುವುದಿಲ್ಲ, ಇಲ್ಲವೇ ಇನ್ನೂ ಕೆಡುತ್ತದೆ.

ಅಲ್ಲಿ ಇರುವುದೇನು

ಹ್ಯಾಮ್‌ಸ್ಟ್ರಿಂಗ್ ಅಂದರೆ ತೊಡೆಯ ಹಿಂದೆ ಇರುವ ಮೂರು ಸ್ನಾಯುಗಳು. ಹೊರಬದಿಗೆ ಬೈಸೆಪ್ಸ್ ಫೆಮೊರಿಸ್, ಒಳಬದಿಗೆ ಸೆಮಿಟೆಂಡಿನೋಸಸ್ ಮತ್ತು ಸೆಮಿಮೆಂಬ್ರನೋಸಸ್. ಗಟ್ಟಿ ಬೆಂಚಿನ ಮೇಲೆ ಕೂತಾಗ ಕೆಳಗೆ ಒತ್ತುವ ಮೂಳೆ ಇದೆಯಲ್ಲ, ಮೂರೂ ಅಲ್ಲಿಂದ ಹೊರಟು ಮಂಡಿ ದಾಟಿ ಕೆಳಗಾಲಿಗೆ ಅಂಟಿಕೊಳ್ಳುತ್ತವೆ (ಬೈಸೆಪ್ಸ್‌ನ ಒಂದು ಚಿಕ್ಕ ಕವಲು ಮಾತ್ರ ತೊಡೆಮೂಳೆಯಿಂದಲೇ ಶುರುವಾಗುತ್ತದೆ). ಅಂದರೆ ಸೊಂಟದ ಕೀಲು, ಮಂಡಿ ಎರಡನ್ನೂ ದಾಟುವ ಸ್ನಾಯುಗಳಿವು. ಹಾಗಾಗಿ ಸೊಂಟ ಮಡಿಚಿ, ಮಂಡಿಯೂ ನೇರ ಇದ್ದಾಗ ಮಾತ್ರ ಪೂರ್ತಿ ಎಳೆತ ಸಿಗುತ್ತದೆ.

"ನಾನು ದಿನಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟ ಮಾಡ್ತೀನಿ, ನಂಗೆ ಹೇಗೆ ಬಿಗಿ?" ಅಂತ ಕೇಳುವವರಿಗೆ ಉತ್ತರ ಇಲ್ಲೇ ಇದೆ. ಚಕ್ಕಳಮಕ್ಕಳ ಕೂತರೂ, ಕುಕ್ಕರಗಾಲಲ್ಲಿ ಕೂತರೂ ಮಂಡಿ ಮಡಿಚಿಯೇ ಇರುತ್ತದೆ. ಸೊಂಟದ ಕೀಲಿಗೆ ಅದು ಒಳ್ಳೆಯದೇ, ಆದರೆ ಹ್ಯಾಮ್‌ಸ್ಟ್ರಿಂಗ್‌ಗೆ ಅದರಿಂದ ಕೆಲಸವಿಲ್ಲ. ಇನ್ನು ಔಟರ್ ರಿಂಗ್ ರೋಡಿನಲ್ಲಿ ಬೆಳಿಗ್ಗೆ ಒಂದು ಗಂಟೆ, ಆಫೀಸಿನಲ್ಲಿ ಎಂಟು ಗಂಟೆ, ಸಂಜೆ ಮತ್ತೆ ಸಿಲ್ಕ್ ಬೋರ್ಡ್. ಅಷ್ಟು ಹೊತ್ತೂ ಮಂಡಿ ಮಡಿಚಿ, ಸೊಂಟ ಹಿಂದಕ್ಕೆ ಕುಸಿದು ಕೂತಿರುತ್ತೇವೆ ಅಲ್ವಾ?

ಗಾಲ್ಫ್‌ನಲ್ಲಿ ಇದು ಕಾಡುವುದು ಹೀಗೆ. ಬಾಲ್ ಮುಂದೆ ನಿಂತು ಸೊಂಟದಿಂದ ಮುಂದಕ್ಕೆ ಬಾಗಬೇಕು. ಹ್ಯಾಮ್‌ಸ್ಟ್ರಿಂಗ್ ಬಿಡದಿದ್ದರೆ ಸೊಂಟದ ಮೂಳೆ ಬಾಗುವುದಿಲ್ಲ, ಆ ಕೆಲಸವನ್ನು ಕೆಳಬೆನ್ನು ತಲೆ ಮೇಲೆ ಹಾಕಿಕೊಂಡು ಗುಂಡಗಾಗುತ್ತದೆ. ಗುಂಡಗಾದ ಬೆನ್ನು ಸರಿಯಾಗಿ ತಿರುಗದು. ತಿರುಗಲು ಜಾಗವಿಲ್ಲದಾಗ ದೇಹ ತನ್ನದೇ ದಾರಿ ಹುಡುಕಿಕೊಂಡು ಎದ್ದು ನಿಲ್ಲುತ್ತದೆ, ಸೊಂಟ ಬಾಲ್ ಕಡೆಗೆ ನುಗ್ಗುತ್ತದೆ, ಕೈಗಳಿಗೆ ಹಾದಿ ಸಾಲದೆ ಬಾಲ್ ಥಿನ್ ಆಗುತ್ತದೆ ಅಥವಾ ಶ್ಯಾಂಕ್ ಆಗುತ್ತದೆ (ಕ್ಲಬ್ಬಿನ ಕತ್ತಿಗೆ ತಗುಲಿ ಅಡ್ಡಕ್ಕೆ ಹಾರುತ್ತದೆ). ಕೋಚ್‌ಗಳು ಇದನ್ನೇ ಅರ್ಲಿ ಎಕ್ಸ್‌ಟೆನ್ಷನ್ ಅನ್ನುವುದು.

ಆದರೆ ಅರ್ಲಿ ಎಕ್ಸ್‌ಟೆನ್ಷನ್ ಇರುವವರೆಲ್ಲರಿಗೂ ಹ್ಯಾಮ್‌ಸ್ಟ್ರಿಂಗ್ ಸಮಸ್ಯೆ ಇರುವುದಿಲ್ಲ. ಅದನ್ನೇ ಮೊದಲು ಬೇರ್ಪಡಿಸೋಣ.

ತಪ್ಪು ನಿಜವಾಗಿ ಹ್ಯಾಮ್‌ಸ್ಟ್ರಿಂಗ್‌ನದ್ದೇನಾ?

ಒಂದು ಕ್ಲಬ್ ತಗೊಳ್ಳಿ. ಬೆನ್ನಿನ ಮೇಲೆ ಉದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ಭುಜಗಳ ನಡುವೆ, ಬೆನ್ನುಮೂಳೆಯ ತುದಿ, ಈ ಮೂರೂ ಕಡೆ ತಾಗಿರಬೇಕು. ಮಂಡಿ ತುಸುವೇ ಸಡಿಲ ಬಿಟ್ಟು, ಹಿಂದೆ ಇರುವ ಕಾರಿನ ಬಾಗಿಲನ್ನು ಕುಂಡೆಯಿಂದ ಮುಚ್ಚುವ ಹಾಗೆ ಸೊಂಟ ಹಿಂದಕ್ಕೆ ತಳ್ಳಿ ಬಾಗಿ. ಬಾಲ್ ಮುಂದೆ ನಿಲ್ಲುವಷ್ಟು ಬಾಗುವ ತನಕ ಮೂರೂ ಕಡೆ ಕ್ಲಬ್ ತಾಗಿಯೇ ಇದ್ದರೆ, ನಿಮ್ಮ ಗಾಲ್ಫ್‌ಗೆ ಬೇಕಾದಷ್ಟು ಉದ್ದ ನಿಮ್ಮ ಹ್ಯಾಮ್‌ಸ್ಟ್ರಿಂಗ್‌ಗೆ ಇದೆ. ನೆಲ ಮುಟ್ಟಲು ಆಗದಿದ್ದರೂ ಪರವಾಗಿಲ್ಲ. ಅಡ್ರೆಸ್ ಭಂಗಿಗೆ (ಹೊಡೆಯುವ ಮುನ್ನ ಬಾಲ್ ಮುಂದೆ ನಿಲ್ಲುವ ನಿಲುವು) ಬೇಕಾಗುವ ಉದ್ದ ಜನ ಅಂದುಕೊಂಡಷ್ಟು ಇಲ್ಲ, ಮಂಡಿ ಹೇಗೂ ಸ್ವಲ್ಪ ಮಡಿಚಿರುತ್ತದೆ. ನನ್ನ ಬಳಿ ಬರುವ ಎಷ್ಟೋ ಜನರಿಗೆ ಸ್ನಾಯುವಿನ ಕೊರತೆಗಿಂತ ಸೊಂಟದಿಂದ ಬಾಗುವ ಅಭ್ಯಾಸವೇ ಇರುವುದಿಲ್ಲ. ಅವರಿಗೆ ಈ ಪರೀಕ್ಷೆಯೇ ವ್ಯಾಯಾಮ: ದಿನಕ್ಕೆ ಹತ್ತು ಸಲ, ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ.

ಮಧ್ಯದಲ್ಲೇ ಬೆನ್ನುಮೂಳೆಯ ತುದಿ ಕ್ಲಬ್‌ನಿಂದ ಬಿಟ್ಟುಕೊಂಡಿತಾ? ಮಂಡಿಯನ್ನು ಇನ್ನೂ ಸ್ವಲ್ಪ ಮಡಿಚಿ ಮತ್ತೆ ಬಾಗಿ ನೋಡಿ. ಈಗ ಸಲೀಸಾಗಿ ಬಂತು ಅಂದರೆ ಹ್ಯಾಮ್‌ಸ್ಟ್ರಿಂಗ್ ಮೇಲೆ ಅನುಮಾನ ಗಟ್ಟಿಯಾಯಿತು, ಯಾಕೆಂದರೆ ಮಂಡಿ ಮಡಿಚಿದ್ದೇ ಅದಕ್ಕೆ ಸಡಿಲ ಸಿಕ್ಕಿತು. ಮಡಿಚಿದರೂ ಅಷ್ಟೇ ಅಂದರೆ ಸೊಂಟದ ಕೀಲನ್ನು ನೋಡಿಸಬೇಕು.

ಇದೇ ತರ್ಕ ಸ್ವಿಂಗ್‌ಗೂ ನಡೆಯುತ್ತದೆ. ಗೋಡೆಗೆ ಕುಂಡೆ ತಾಗುವಂತೆ ಅಡ್ರೆಸ್ ಭಂಗಿಯಲ್ಲಿ ನಿಂತು, ಕೈ ಎದೆ ಮೇಲೆ ಕಟ್ಟಿ, ನಿಧಾನಕ್ಕೆ ಸ್ವಿಂಗ್ ಮಾಡಿ. ಬಲಗೈ ಆಟಗಾರರಾದರೆ ಹಿಂದಕ್ಕೆ ತಿರುಗುವಾಗ ಬಲಗಡೆ, ಮುಂದಕ್ಕೆ ಬರುವಾಗ ಎಡಗಡೆ ಗೋಡೆಗೆ ತಾಗಿರಬೇಕು. ಮುಂದಕ್ಕೆ ಬರುವಾಗ ಎರಡೂ ಗೋಡೆ ಬಿಟ್ಟವೋ, ಮಂಡಿ ಜಾಸ್ತಿ ಮಡಿಚಿ ಇನ್ನೊಮ್ಮೆ ಮಾಡಿ. ಆಗಲೂ ಬಿಟ್ಟರೆ ಪಾಪ, ಹ್ಯಾಮ್‌ಸ್ಟ್ರಿಂಗ್‌ನ ಪಾಲು ಅದರಲ್ಲಿ ಕಡಿಮೆ. ಎಡ ಸೊಂಟ ಒಳಕ್ಕೆ ತಿರುಗದೇ ಇರಬಹುದು, ಇಲ್ಲ ಅದು ಸ್ವಿಂಗ್‌ನ ಹಳೇ ಚಾಳಿ.

ಚಾಪೆ ಹಾಸಿ, ಬಾಗಿಲ ಬಳಿ ಮಲಗಿ

ಅನುಮಾನ ಉಳಿದವರು ಮುಂದಕ್ಕೆ ಬನ್ನಿ. ಬಾಗಿಲ ಚೌಕಟ್ಟಿನ ಪಕ್ಕ ಅಂಗಾತ ಮಲಗಿ, ಚೌಕಟ್ಟು ನಿಮ್ಮ ತೊಡೆಯ ಮಧ್ಯಕ್ಕೆ ಬರಲಿ. ಒಂದು ಕಾಲು ನೆಲಕ್ಕೆ ಒತ್ತಿ ನೇರವಾಗಿಡಿ, ಇನ್ನೊಂದನ್ನು ಮಂಡಿ ಮಡಿಚದೆ ನೀವೇ ಎತ್ತಿ. ಎತ್ತಿದ ಕಾಲಿನ ಕಣಕಾಲು ಚೌಕಟ್ಟು ದಾಟಿ ತಲೆ ಕಡೆಗೆ ಬಂದರೆ ಚೆನ್ನಾಗಿದೆ. ಮಂಡಿಯ ಹತ್ತಿರವೇ ನಿಂತುಬಿಟ್ಟರೆ ಬಿಗಿ ಇದೆ. ಎರಡೂ ಕಾಲು ನೋಡಿ.

ಈಗ ಮನೆಯವರನ್ನು ಕರೆದು ಅದೇ ಕಾಲನ್ನು ಮೆಲ್ಲಗೆ ಎತ್ತಲು ಹೇಳಿ, ನೀವು ಸುಮ್ನೆ ಬಿಟ್ಟುಕೊಡಿ. ಸಾಮಾನ್ಯವಾಗಿ 80 ಡಿಗ್ರಿ ಆಸುಪಾಸಿಗೆ ಬರಬೇಕು. ಅವರು ಎತ್ತಿದಾಗಲೂ ನೀವು ಎತ್ತಿದಷ್ಟಕ್ಕೇ ನಿಂತಿತು, ತೊಡೆಯ ಹಿಂಭಾಗದ ಮಧ್ಯದಲ್ಲಿ ಮಂದವಾದ ಎಳೆತ ಮಾತ್ರ ಇದೆ ಅಂದರೆ ಅದು ಒಂದನೇ ಕಾರಣ, ಸ್ನಾಯು ನಿಜವಾಗಿಯೇ ಬಿಗಿ. ಅವರು ಎತ್ತಿದಾಗ ಸರಾಗವಾಗಿ ಮೇಲೆ ಹೋಯಿತು ಅಂದರೆ ಉದ್ದ ಇದೆ, ಸೊಂಟಕ್ಕೆ ಹಿಡಿತ ಇಲ್ಲ. ಆಗ ಮೂರನೇ ಕಾರಣ ನೋಡಿ.

ಕಾಲು ಎತ್ತಿ ಹಿಡಿದಿರುವಾಗಲೇ ಇನ್ನೊಂದು ಕೆಲಸ. ಸೆಳೆತ ಶುರುವಾದ ಜಾಗದಿಂದ ತುಸು ಕೆಳಗಿಳಿಸಿ, ಪಾದವನ್ನು ನಿಮ್ಮ ಕಡೆಗೆ ಬಗ್ಗಿಸಿ, ಗಲ್ಲವನ್ನು ಎದೆಗೆ ತನ್ನಿ. ಹ್ಯಾಮ್‌ಸ್ಟ್ರಿಂಗ್ ಪಾದಕ್ಕೂ ಹೋಗುವುದಿಲ್ಲ, ಕತ್ತಿಗೂ ಹೋಗುವುದಿಲ್ಲ. ಆದರೂ ಸೆಳೆತ ಜಾಸ್ತಿಯಾಯಿತು, ಮಂಡಿಯ ಹಿಂದೆ ಚುಳ್ ಅಂದಿತು, ಮೀನಖಂಡದಲ್ಲಿ ಜುಮ್ ಅಂದಿತು ಅಂದರೆ ಎರಡನೇ ಕಾರಣ: ನರ.

ಒಂದು: ಸ್ನಾಯುವೇ ಬಿಗಿ

ಇದು ಸಿಕ್ಕಿದವರು ಅದೃಷ್ಟವಂತರು, ದಾರಿ ನೇರ ಇದೆ. ಅಂಗಾತ ಮಲಗಿ ಪಾದಕ್ಕೆ ಹಳೇ ಟವೆಲ್ಲೋ ಪಂಚೆಯೋ ಸಿಕ್ಕಿಸಿ, ಮಂಡಿ ನೇರ ಇಟ್ಟು ಎಳೆಯಿರಿ. ಕೆಳಬೆನ್ನು ಚಾಪೆ ಬಿಡಬಾರದು. 30 ಸೆಕೆಂಡು ಹಿಡಿದು ಬಿಡಿ, ಪ್ರತಿ ಕಾಲಿಗೆ ಮೂರು ಸಲ, ವಾರಕ್ಕೆ ಐದು ದಿನ. ಬೆಳಿಗ್ಗೆ ಪಾರ್ಕಿನಲ್ಲಿ ಯೋಗಕ್ಕೆ ಹೋಗುವವರು ಪಶ್ಚಿಮೋತ್ತಾನಾಸನದಲ್ಲೇ ಇದನ್ನು ಮಾಡಬಹುದು. ಆದರೆ ಹಣೆ ಮಂಡಿಗೆ ತಾಗಿಸುವ ಪೈಪೋಟಿ ಬೇಡ, ಹೊಕ್ಕುಳು ತೊಡೆ ಕಡೆಗೆ ಬರಲಿ. ಕುಂಡೆ ಕೆಳಗೆ ಒಂದು ಮಡಿಚಿದ ಕಂಬಳಿ ಇಟ್ಟುಕೊಂಡರೆ ಸೊಂಟ ಮುಂದಕ್ಕೆ ಬಾಗುವುದು ಸಲೀಸು.

ಬರೀ ಎಳೆದರೆ ಅರ್ಧ ಕೆಲಸ. ಮೊದಲ ಕೆಲವು ವಾರ ಸಿಗುವ ಸಡಿಲದಲ್ಲಿ ದೊಡ್ಡ ಪಾಲು, ಎಳೆತವನ್ನು ಸಹಿಸಿಕೊಳ್ಳಲು ನರಮಂಡಲ ಕಲಿತದ್ದು. ಸ್ನಾಯು ನಿಜವಾಗಿ ಉದ್ದವಾಗಬೇಕು, ಆ ಉದ್ದದಲ್ಲೂ ಗಟ್ಟಿಯಾಗಿರಬೇಕು ಅಂದರೆ ಭಾರ ಹೊತ್ತು ನಿಧಾನಕ್ಕೆ ಇಳಿಸುವ ವ್ಯಾಯಾಮ ಬೇಕು. ಅಪಾರ್ಟ್‌ಮೆಂಟ್ ಜಿಮ್‌ನಲ್ಲಿ ಡಂಬೆಲ್ ಇದ್ದರೆ ರೊಮೇನಿಯನ್ ಡೆಡ್‌ಲಿಫ್ಟ್: ಆಗಲೇ ಕ್ಲಬ್ ಹಿಡಿದು ಬಾಗಿದ್ದೀರಲ್ಲ, ಅದೇ ಚಲನೆ, ಮೂರು ಸೆಕೆಂಡಿನಲ್ಲಿ ಇಳಿದು ಆಮೇಲೆ ಎದ್ದುಬನ್ನಿ. ಎಂಟು ಸಲ, ಮೂರು ಸೆಟ್, ದಿನ ಬಿಟ್ಟು ದಿನ.

ಜಿಮ್ ಇಲ್ಲದವರಿಗೆ ಇನ್ನೂ ಒಳ್ಳೆಯ ಉಪಾಯ ಮನೆಯ ಟೈಲ್ಸ್ ನೆಲ. ಅಂಗಾತ ಮಲಗಿ ಹಿಮ್ಮಡಿಗಳ ಕೆಳಗೆ ನೆಲ ಒರೆಸುವ ಒಣಬಟ್ಟೆ ಇಡಿ. ಮಂಡಿ ಮಡಿಚಿ ಸೊಂಟ ಮೇಲಕ್ಕೆತ್ತಿ, ಆಮೇಲೆ ಹಿಮ್ಮಡಿಗಳನ್ನು ಆದಷ್ಟು ನಿಧಾನಕ್ಕೆ ದೂರ ಜಾರಿಸುತ್ತಾ ಕಾಲು ನೇರ ಮಾಡಿ. ಸೊಂಟ ಕೊನೆಯವರೆಗೂ ನೆಲ ಮುಟ್ಟಬಾರದು. ನೋಡಲು ಏನೂ ಇಲ್ಲ ಅನಿಸುತ್ತದೆ, ಐದನೇ ಸಲಕ್ಕೆ ತೊಡೆ ನಡುಗುತ್ತದೆ. ಮೊದಲ ವಾರ ಮೈಕೈ ನೋವು ಬರುತ್ತದೆ, ಹಾಗಾಗಿ ಶುಕ್ರವಾರ ಇದನ್ನು ಶುರು ಮಾಡಿ ಶನಿವಾರ ಆಡಲು ಹೋಗಬೇಡಿ.

ಎರಡು: ನರ ಎಳೆಯುತ್ತಿದೆ

ಸಿಯಾಟಿಕ್ ನರ ಕೆಳಬೆನ್ನಿನಿಂದ ಹೊರಟು, ಕುಂಡೆಯ ಆಳದಲ್ಲಿ ಹಾದು, ಹ್ಯಾಮ್‌ಸ್ಟ್ರಿಂಗ್‌ಗಳ ನಡುವೆಯೇ ಕೆಳಗಿಳಿಯುತ್ತದೆ. ಸೈಕಲ್ ಬ್ರೇಕಿನ ವೈರ್ ತನ್ನ ಕೊಳವೆಯಲ್ಲಿ ಜಾರುವ ಹಾಗೆ ಅದು ಸುತ್ತಲಿನ ಸ್ನಾಯುಗಳ ನಡುವೆ ಜಾರುತ್ತಿರಬೇಕು. ಎಲ್ಲೋ ಒತ್ತಿಕೊಂಡರೆ, ಕೆರಳಿದರೆ, ಜಾರುವುದಿಲ್ಲ. ಆಗ ದೇಹವೇ ಅದನ್ನು ಕಾಪಾಡಲು ಸ್ನಾಯುವನ್ನು ಬಿಗಿ ಹಿಡಿಯುತ್ತದೆ. ಅಂಥ ಬಿಗಿಯನ್ನು ಟವೆಲ್ ಹಾಕಿ 30 ಸೆಕೆಂಡು ಎಳೆದರೆ ನರ ಇನ್ನೂ ಕೆರಳುತ್ತದೆ, ಮಾರನೇ ದಿನ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲೂ ಕಷ್ಟ.

ಇಲ್ಲಿ ಮಾಡಬೇಕಾದ್ದು ಜಾರಿಸುವುದು. ಕುರ್ಚಿಯ ಮೇಲೆ ಕೂತು, ಮಂಡಿ ನೇರ ಮಾಡುತ್ತಾ ತಲೆ ಮೇಲಕ್ಕೆತ್ತಿ ಸೂರು ನೋಡಿ. ಮಂಡಿ ಮಡಿಚುತ್ತಾ ಗಲ್ಲ ಎದೆಗೆ ತನ್ನಿ. ಒಂದು ತುದಿ ಎಳೆದಾಗ ಇನ್ನೊಂದು ತುದಿ ಬಿಡಬೇಕು, ಅದೇ ಇದರ ಗುಟ್ಟು. ಎಲ್ಲೂ ಹಿಡಿದು ನಿಲ್ಲಿಸಬೇಡಿ, ಜುಮ್ ಅನ್ನುವ ತನಕ ಹೋಗಬೇಡಿ. ಹತ್ತರಿಂದ ಹದಿನೈದು ಸಲ, ದಿನಕ್ಕೆ ಎರಡು ಮೂರು ಬಾರಿ ಸಾಕು.

ಜೊತೆಗೆ ಕೂರುವುದನ್ನು ನೋಡಿ. ಗಂಡಸರು ಪ್ಯಾಂಟಿನ ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡು ಡ್ರೈವ್ ಮಾಡುವುದನ್ನು ಮೊದಲು ಬಿಡಬೇಕು. ಕಾರಿನ ಸೀಟು ಮೇಲೆತ್ತಿ, ಮಂಡಿಗಿಂತ ಸೊಂಟ ತುಸು ಎತ್ತರ ಇರಲಿ. ಸೊಂಟದ ಹಿಂದಿನ ಖಾಲಿ ಜಾಗಕ್ಕೆ ಒಂದು ಕೈ ಟವೆಲ್ ಸುತ್ತಿ ಇಡಿ.

ಕಾಲು ಮರಗಟ್ಟುತ್ತಿದ್ದರೆ, ನಡೆಯುವಾಗ ಪಾದ ಎತ್ತಲು ಬಾರದಿದ್ದರೆ ಮನೆಮದ್ದು ನಿಲ್ಲಿಸಿ ಡಾಕ್ಟರ್ ಬಳಿ ಹೋಗಿ. ತೊಡೆಗಳ ಸಂದಿಯಲ್ಲಿ ಸ್ಪರ್ಶವೇ ಗೊತ್ತಾಗದಿದ್ದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ನಾಳೆ ಅನ್ನಬೇಡಿ, ಅದೇ ಗಳಿಗೆ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಬೇಕು.

ಮೂರು: ಸೊಂಟ ಮುಂದಕ್ಕೆ ವಾಲಿದೆ

ಇದು ನನಗೆ ಅತಿ ಹೆಚ್ಚು ಕಾಣಸಿಗುವುದು, ಅತಿ ಹೆಚ್ಚು ತಪ್ಪು ಚಿಕಿತ್ಸೆ ಆಗುವುದೂ ಇದಕ್ಕೇ. ಸೊಂಟದ ಮೂಳೆ ಮುಂದಕ್ಕೆ ವಾಲಿದರೆ ಹ್ಯಾಮ್‌ಸ್ಟ್ರಿಂಗ್ ಶುರುವಾಗುವ ಜಾಗ ಮೇಲಕ್ಕೆ ಹೋಗುತ್ತದೆ. ಅಂದರೆ ಸ್ನಾಯು ಆಗಲೇ ಎಳೆದುಕೊಂಡು ನಿಂತಿದೆ. ಬಿಗಿ ಅನಿಸುವುದು ನಿಜ, ಗಿಡ್ಡ ಆಗಿರುವುದಲ್ಲ. ಅದನ್ನು ಇನ್ನೂ ಎಳೆದು ಏನು ಸಾಧಿಸಿದ ಹಾಗಾಯಿತು ಹೇಳಿ!

ಪಕ್ಕದಿಂದ ಒಂದು ಫೋಟೋ ತೆಗೆಸಿಕೊಳ್ಳಿ. ಬೆಲ್ಟು ಮುಂದಕ್ಕೆ ತುಸು ಇಳಿದಿರುವುದು ಸಹಜ. ಚೆನ್ನಾಗಿಯೇ ಇಳಿದು, ಹೊಟ್ಟೆ ಮುಂದೆ ಬಂದು, ಕೆಳಬೆನ್ನು ಒಳಕ್ಕೆ ಬಾಗಿದ್ದರೆ ಅನುಮಾನಿಸಿ. ಆಮೇಲೆ ಮಂಚದ ಅಂಚಿನಲ್ಲಿ ಮಲಗಿ ಒಂದು ಮಂಡಿಯನ್ನು ಎದೆಗೆ ಅಪ್ಪಿಕೊಳ್ಳಿ. ಇನ್ನೊಂದು ತೊಡೆ ಮಂಚದ ಮಟ್ಟಕ್ಕೆ ಇಳಿಯದೆ ಗಾಳಿಯಲ್ಲೇ ನಿಂತರೆ ಸೊಂಟದ ಮುಂದಿನ ಸ್ನಾಯುಗಳು ಬಿಗಿ ಇವೆ, ಸೊಂಟವನ್ನು ಮುಂದಕ್ಕೆ ಜಗ್ಗುತ್ತಿರುವುದರಲ್ಲಿ ಅವುಗಳ ಕೈವಾಡ ಇರಬಹುದು.

ಖಚಿತ ಮಾಡಿಕೊಳ್ಳುವ ವಿಧಾನ ಒಂದಿದೆ, ನೋಡಿದವರಿಗೆ ಮ್ಯಾಜಿಕ್ ಅನಿಸುತ್ತದೆ. ಅಂಗಾತ ಮಲಗಿ ಪಾದಗಳನ್ನು ಗೋಡೆಗೆ ಇಡಿ, ಸೊಂಟ ಮತ್ತು ಮಂಡಿ ಎರಡೂ 90 ಡಿಗ್ರಿ. ಹಿಮ್ಮಡಿಯಿಂದ ಗೋಡೆಯನ್ನು ಕೆಳಕ್ಕೆ ಎಳೆಯುವ ಹಾಗೆ ಒತ್ತಿ. ಬೆನ್ನುಮೂಳೆಯ ತುದಿ ಒಂದೆರಡು ಇಂಚು ಮೇಲೇಳಲಿ, ಆದರೆ ಕೆಳಬೆನ್ನು ಚಾಪೆಗೆ ಒತ್ತಿಯೇ ಇರಲಿ. ಬಾಯಿಂದ ಉಸಿರನ್ನು ಪೂರ್ತಿ ಖಾಲಿಯಾಗುವ ತನಕ ಬಿಡಿ, ಪಕ್ಕೆಲುಬು ಕೆಳಗಿಳಿಯಬೇಕು. ಹೀಗೆ ಐದು ಉಸಿರು. ಎದ್ದು ಮತ್ತೆ ಬಾಗಿಲ ಚೌಕಟ್ಟಿನ ಪರೀಕ್ಷೆ ಮಾಡಿ. ಆಗಲೇ ಕಾಲು ಇನ್ನಷ್ಟು ಮೇಲೆ ಬಂದರೆ, ಎರಡು ನಿಮಿಷದಲ್ಲಿ ಯಾವ ಸ್ನಾಯುವೂ ಉದ್ದ ಆಗುವುದಿಲ್ಲ, ಸೊಂಟ ತನ್ನ ಜಾಗಕ್ಕೆ ಬಂತು ಅಷ್ಟೇ.

ಚಿಕಿತ್ಸೆಯೂ ಅದೇ: ದಿನಾ ಈ ಗೋಡೆ ವ್ಯಾಯಾಮ, ಒಂದು ಮಂಡಿ ನೆಲಕ್ಕೂರಿ ಸೊಂಟದ ಮುಂಭಾಗ ಎಳೆಯುವುದು, ಕುಂಡೆಯ ಸ್ನಾಯುಗಳಿಗೆ ಬ್ರಿಡ್ಜ್ (ಅಂಗಾತ ಮಲಗಿ ಮಂಡಿ ಮಡಿಚಿ ಸೊಂಟ ಮೇಲಕ್ಕೆತ್ತುವುದು). ಬ್ರಿಡ್ಜ್ ಮಾಡುವಾಗ ತೊಡೆಯ ಹಿಂದೆ ಸೆಟೆದುಕೊಂಡರೆ ಕುಂಡೆ ಮಾಡಬೇಕಾದ ಕೆಲಸವನ್ನು ಹ್ಯಾಮ್‌ಸ್ಟ್ರಿಂಗ್ ಮಾಡುತ್ತಿದೆ ಎಂದರ್ಥ, ಹಿಮ್ಮಡಿಯನ್ನು ಇನ್ನೂ ಹತ್ತಿರಕ್ಕೆ ತಂದುಕೊಳ್ಳಿ. ಹ್ಯಾಮ್‌ಸ್ಟ್ರಿಂಗ್ ಸ್ಟ್ರೆಚ್‌ಗೆ ಎರಡು ವಾರ ರಜೆ ಕೊಡಿ.

ನಾಲ್ಕು: ಕೂರುವ ಮೂಳೆಯ ಬಳಿ ನೋವು

ನೋವು ತೊಡೆಯ ಮಧ್ಯದಲ್ಲಿಲ್ಲ, ಮೇಲ್ತುದಿಯಲ್ಲಿ, ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗ. ಹೆಬ್ಬಾಳದ ಫ್ಲೈಓವರ್ ಮೇಲೆ ಅರ್ಧ ಗಂಟೆ ಸಿಕ್ಕಿಕೊಂಡರೆ ಸೀಟಿನಲ್ಲಿ ಆ ಕಡೆ ಈ ಕಡೆ ವಾಲುತ್ತಾ ಕೂರುತ್ತೀರಿ. ಇದು ಸ್ನಾಯುರಜ್ಜಿನ (ಸ್ನಾಯುವನ್ನು ಮೂಳೆಗೆ ಅಂಟಿಸುವ ಪಟ್ಟಿ) ತೊಂದರೆ ಇರಬಹುದು. ಎಳೆದಷ್ಟೂ ರಜ್ಜು ಮೂಳೆಗೆ ಒತ್ತಿಕೊಂಡು ಕೆರಳುತ್ತದೆ. ಎಳೆಯುವುದು ನಿಲ್ಲಿಸಿ, ಫಿಸಿಯೋ ಬಳಿ ಭಾರದ ವ್ಯಾಯಾಮ ಹಂತ ಹಂತವಾಗಿ ಕೇಳಿ ಮಾಡಿ. ತಿಂಗಳುಗಳೇ ಬೇಕಾಗುತ್ತದೆ, ಅವಸರ ನಡೆಯದು. ಸ್ವಿಂಗ್ ಮಧ್ಯೆ ಪಟ್ ಅಂತ ಸದ್ದಾಗಿ ತೊಡೆ ನೀಲಿಗಟ್ಟಿದರೆ ಅದು ಹರಿದಿರುವ ಲಕ್ಷಣ, ಅಂದೇ ತೋರಿಸಿ.

ಟೀ ಟೈಮ್ ದಿನ

ಬೆಳಿಗ್ಗೆ ಆರೂವರೆಗೆ ಟೀ ಟೈಮ್ (ಆಟ ಶುರು ಮಾಡುವ ಸರದಿ), ವೈಟ್‌ಫೀಲ್ಡ್‌ನಿಂದ ನಂದಿ ಬೆಟ್ಟದ ಕಡೆಯ ಕೋರ್ಸ್‌ಗೆ ಕಾರು ಓಡಿಸಿಕೊಂಡು ಬಂದು, ಬೂಟು ಬದಲಿಸಿ ನೇರ ಮೊದಲ ಟೀಗೆ. ಡಿಸೆಂಬರ್ ಚಳಿಯಲ್ಲಂತೂ ಇದು ಸೊಂಟಕ್ಕೆ ಶಿಕ್ಷೆ. ಹತ್ತು ನಿಮಿಷ ಮೊದಲೇ ತಲುಪಿ. ಡ್ರೈವರ್ (ಉದ್ದನೆಯ ಕ್ಲಬ್) ಊರಿಕೊಂಡು ಕಾಲನ್ನು ಹಿಂದೆ ಮುಂದೆ, ಆಮೇಲೆ ಅಡ್ಡಕ್ಕೆ ಬೀಸಿ, ಹತ್ತು ಹತ್ತು ಸಲ. ಕ್ಲಬ್ ಬೆನ್ನಿಗಿಟ್ಟು ಬಾಗುವುದು ಹತ್ತು ಸಲ. ನಾಲ್ಕು ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಮಡಿಚಿ ಇಳಿಯುವುದು), ಆಮೇಲೆ ವೆಡ್ಜ್ ಕ್ಲಬ್‌ನಿಂದ ಅರ್ಧ ಸ್ವಿಂಗ್. ನಿಮಿಷಗಟ್ಟಲೆ ಹಿಡಿದು ಎಳೆಯುವುದನ್ನು ಆಟದ ಮುಂಚೆ ಮಾಡಬೇಡಿ, ಸ್ನಾಯುವಿನ ಜೋರು ತುಸು ಕಡಿಮೆಯಾಗುತ್ತದೆ. ಅದನ್ನು ಮನೆಗೆ ಹೋಗಿ ಸ್ನಾನ ಮಾಡಿದ ಮೇಲೆ ಇಟ್ಟುಕೊಳ್ಳಿ.

ಕಪ್‌ನಿಂದ, ಅಂದರೆ ಹೋಲ್‌ನ ಗುಳಿಯಿಂದ, ಬಾಲ್ ತೆಗೆಯುವಾಗ ಪಟರ್ ಕ್ಲಬ್ ಊರಿ, ಒಂದು ಕಾಲನ್ನು ಹಿಂದಕ್ಕೆ ಎತ್ತಿ, ನಿಂತ ಕಾಲಿನ ಸೊಂಟದಿಂದ ಬಾಗಿ. ಬೆನ್ನುನೋವಿನವರಿಗೆ ಫಿಸಿಯೋಗಳು ಕಲಿಸುವುದೂ ಇದನ್ನೇ, ಹೆಸರೇ ಗಾಲ್ಫರ್ಸ್ ಲಿಫ್ಟ್. 18 ಹೋಲ್‌ಗೆ 18 ಸಲ ಪುಕ್ಕಟೆ ವ್ಯಾಯಾಮ.

ಆರರಿಂದ ಎಂಟು ವಾರ ಕಳೆದ ಮೇಲೆ ಬಾಗಿಲ ಚೌಕಟ್ಟು, ಗೋಡೆ ಎರಡರ ಪರೀಕ್ಷೆಯನ್ನೂ ಮತ್ತೆ ಮಾಡಿ. ಕಾಲು ಚೌಕಟ್ಟು ದಾಟುತ್ತಿದೆ, ಗೋಡೆಯೂ ಬಿಡುತ್ತಿಲ್ಲ, ಆದರೆ ಕ್ಲಬ್ ಹಿಡಿದು ಬಾಲ್ ಮುಂದೆ ನಿಂತ ತಕ್ಷಣ ಬೆನ್ನು ಮತ್ತೆ ಗುಂಡಗಾಗುತ್ತಿದೆ ಅಂದರೆ ಕ್ಲಬ್‌ಗಳ ಉದ್ದ ಅಳೆಸಿ. ಸೆಕೆಂಡ್ ಹ್ಯಾಂಡ್ ಸೆಟ್ ಕೊಂಡ ಆರಡಿ ಆಳುಗಳಲ್ಲಿ ಇದು ಆಗಾಗ ಕಾಣುತ್ತದೆ. ಶಾಫ್ಟ್ (ಕ್ಲಬ್ಬಿನ ಕೋಲಿನ ಭಾಗ) ಗಿಡ್ಡ ಇದ್ದರೆ ಎಷ್ಟೇ ಸಡಿಲ ಮೈಯಾದರೂ ಕೂನು ಹಾಕಿಯೇ ನಿಲ್ಲಬೇಕಾಗುತ್ತದೆ, ಅದನ್ನು ಕ್ಲಬ್ ಫಿಟ್ಟಿಂಗ್ ಮಾಡುವವರು ಸರಿಪಡಿಸಬೇಕೇ ಹೊರತು ನನ್ನಂಥವರಲ್ಲ.